ಡಬ್ಬದ ಮೇಲೆ 3,000 ಎಲ್‌ಪಿಎಚ್, ಪೈಪಿನ ತುದಿಯಲ್ಲಿ ಸಣ್ಣ ಧಾರೆ: ದೊಡ್ಡ ಪಂಪ್ ತರಬೇಕಾ?

ಕೊಳದಂಚು (ಪ್ರಶ್ನೆ)

ನಮಸ್ಕಾರ. ಎರಡು ಕಡೆಗೆ ಪಂಪು, ಫಿಲ್ಟರು ಸರಿಮಾಡಬೇಕಿದೆ. ಅಳತೆ ಕೊಡದೆ ಕೇಳಿದರೆ ಇಲ್ಲಿ ಬೈಸಿಕೊಳ್ಳಬೇಕಾಗುತ್ತೆ ಅಂತ ಗೊತ್ತು, ಅದಕ್ಕೇ ಎಲ್ಲ ಅಳೆದು ಬರೀತಿದ್ದೇನೆ.

ಮೊದಲನೆಯದು ಹೊರಗಿನ ಸಿಮೆಂಟ್ ಕೊಳ. 2.4 ಮೀಟರ್ ಉದ್ದ, 1.5 ಮೀಟರ್ ಅಗಲ, ನೀರು 70 ಸೆಂ.ಮೀ. 15ರಿಂದ 18 ಸೆಂ.ಮೀ. ಉದ್ದದ ಎಂಟು ಕೋಯಿ ಮೀನು ಇವೆ, ದಿನಕ್ಕೆ ಸುಮಾರು 40 ಗ್ರಾಂ ಕಾಳು ಹಾಕುತ್ತೇನೆ. ಪಂಪಿನ ಡಬ್ಬದ ಮೇಲೆ 3,000 ಎಲ್‌ಪಿಎಚ್ (ಗಂಟೆಗೆ ಲೀಟರ್), ಗರಿಷ್ಠ ಹೆಡ್ (ನೀರೆತ್ತುವ ಎತ್ತರ) 2.8 ಮೀಟರ್, 60 ವ್ಯಾಟ್ ಅಂತಿದೆ. ಅಲ್ಲಿಂದ ಅರ್ಧ ಇಂಚಿನ ಹೋಸ್ ಪೈಪು, 5 ಮೀಟರ್. ಗೋಡೆಯ ಮೇಲೆ, ನೀರಿನ ಮಟ್ಟದಿಂದ 1.2 ಮೀಟರ್ ಎತ್ತರದಲ್ಲಿ ಮೂರು ಖಾನೆಯ ಪ್ಲಾಸ್ಟಿಕ್ ಫಿಲ್ಟರ್ ಪೆಟ್ಟಿಗೆ, ಒಟ್ಟು 60 ಲೀಟರ್: ಸ್ಪಾಂಜು, ಜಲ್ಲಿ, ಇದ್ದಿಲು. ನೀರು ಬಟಾಣಿ ಹಸಿರು. ಪೆಟ್ಟಿಗೆಗೆ ಬೀಳುವ ಧಾರೆಗೆ 10 ಲೀಟರ್ ಬಕೆಟ್ ಹಿಡಿದರೆ ತುಂಬೋಕೆ 55 ಸೆಕೆಂಡ್ ಬೇಕು. ಪಂಪು ಹೊಸದು, ಕಸ ಸಿಕ್ಕಿಲ್ಲ. 6,000ದ ಪಂಪ್ ತಂದರೆ ಸರಿಹೋಗುತ್ತಾ?

ಎರಡನೆಯದು ಒಳಗಿನ ಗಾಜಿನ ಟ್ಯಾಂಕ್. 120 × 45 × 45 ಸೆಂ.ಮೀ., ಆರು ಒರಾಂಡಾ ಗೋಲ್ಡ್‌ಫಿಶ್. ಇದಕ್ಕೆ ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿ ಫಿಲ್ಟರ್) ಒಳ್ಳೆಯದೋ, ಟ್ಯಾಂಕಿನ ಮೇಲೆ ಕೂರುವ ಟಾಪ್ ಫಿಲ್ಟರೋ, ಸ್ಪಾಂಜೇ ಸಾಕೋ?

ಇಂಪೆಲ್ಲರ್

6,000ದ್ದು ತರಬೇಡಿ. ನಿಮ್ಮ ಪಂಪು ಸರಿಯಾಗಿದೆ, ಪೈಪು ಅದರ ಕತ್ತು ಹಿಸುಕುತ್ತಿದೆ.

ಬಕೆಟ್ ಲೆಕ್ಕದಿಂದಲೇ ಶುರುಮಾಡೋಣ. 36,000ವನ್ನು ಸೆಕೆಂಡಿನಿಂದ ಭಾಗಿಸಿ. 10 ಲೀಟರ್ ಬಕೆಟ್ಟಿಗೆ ಈ ಸೂತ್ರ. 36,000 ÷ 55 = 655. ಅಂದರೆ 3,000ದ ಪಂಪಿನಿಂದ ನಿಮಗೆ ಸಿಗುತ್ತಿರುವುದು ಗಂಟೆಗೆ 655 ಲೀಟರ್. ಡಬ್ಬದ ಮೇಲಿನ ಎರಡು ಅಂಕಿಗಳನ್ನು ಜನ ಒಟ್ಟಿಗೆ ಓದಿಕೊಳ್ಳುತ್ತಾರೆ: 2.8 ಮೀಟರ್ ಎತ್ತರಕ್ಕೆ 3,000 ಲೀಟರ್ ಬರುತ್ತೆ ಅಂತ. ಹಾಗಲ್ಲ. 3,000 ಅನ್ನುವುದು ಎತ್ತರ ಸೊನ್ನೆ ಇದ್ದಾಗ, ಪೈಪೇ ಇಲ್ಲದಾಗ. 2.8 ಮೀಟರ್ ಅನ್ನುವುದು ನೀರು ಪೈಪಿನಲ್ಲಿ ಏರಿ ನಿಂತುಬಿಡುವ ಎತ್ತರ; ಅಲ್ಲಿ ಹರಿವು ಸೊನ್ನೆ. ನಿಮ್ಮ ಕೆಲಸ ಇವೆರಡರ ನಡುವೆ ಎಲ್ಲೋ ನಡೆಯುತ್ತದೆ. ಎಲ್ಲಿ ಅಂತ ತಿಳಿಯಲು ಪಂಪಿನ ಜತೆ ಬರುವ ಕಾಗದದಲ್ಲಿ ಗ್ರಾಫ್ ಇದ್ದರೆ ನೋಡಿ. ಗ್ರಾಫ್ ಇಲ್ಲದಿದ್ದರೆ ಎರಡು ತುದಿಗೂ ನೇರ ಗೆರೆ ಎಳೆದು ಅಂದಾಜು ಮಾಡಿ, ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ಮೋಸವಿಲ್ಲ.

ಹೆಡ್ ಅಂದರೆ ಬರೀ ಎತ್ತರವೂ ಅಲ್ಲ. ಎತ್ತರ ನಿಮ್ಮಲ್ಲಿ 1.2 ಮೀಟರ್. (ಇದನ್ನು ನೀರಿನ ಮೇಲ್ಮೈಯಿಂದ ಅಳೆಯಬೇಕು. ಪಂಪನ್ನು ತಳದಲ್ಲಿಟ್ಟರೂ ನಡುವೆ ನೇತುಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ, ಮೇಲಿನ ನೀರೇ ಕೆಳಗಿನದನ್ನು ತಳ್ಳಿಕೊಡುತ್ತದೆ.) ಅದಕ್ಕೆ ಪೈಪಿನ ಒಳಗೋಡೆಯ ಘರ್ಷಣೆ ಸೇರಿಸಬೇಕು. ಅರ್ಧ ಇಂಚು ಪೈಪಿನ 5 ಮೀಟರ್ ಉದ್ದದಲ್ಲಿ ಗಂಟೆಗೆ 655 ಲೀಟರ್ ಹರಿದರೆ ಘರ್ಷಣೆಯೇ ಸುಮಾರು 1.2 ಮೀಟರ್ ಎತ್ತರಕ್ಕೆ ಸಮ. ಎರಡೂ ಕೂಡಿ, ಜೋಡಣೆಗಳ ಅಡ್ಡಿಯೂ ಸೇರಿ, 2.5 ಮೀಟರ್ ದಾಟಿತು. 2.8ಕ್ಕೆ ನಿಂತೇಹೋಗುವ ಪಂಪು 2.5ರಲ್ಲಿ ಇನ್ನೆಷ್ಟು ಕೊಟ್ಟೀತು?

ಒಳವ್ಯಾಸ ಅರ್ಧವಾದರೆ, ಹರಿವು ಅಷ್ಟೇ ಇರಬೇಕೆಂದರೆ ಘರ್ಷಣೆ ಸುಮಾರು 32 ಪಟ್ಟು ಏರುತ್ತದೆ. ಗಂಟೆಗೆ 2,000 ಲೀಟರ್, 5 ಮೀಟರ್ ಪೈಪು ಅಂತ ಇಟ್ಟುಕೊಂಡರೆ: ಅರ್ಧ ಇಂಚಿನಲ್ಲಿ 8 ಮೀಟರ್ ಹೆಡ್ ನಷ್ಟ, ಮುಕ್ಕಾಲು ಇಂಚಿನಲ್ಲಿ 1.2 ಮೀಟರ್, ಒಂದು ಇಂಚಿನಲ್ಲಿ 30 ಸೆಂ.ಮೀ., ಒಂದೂಕಾಲು ಇಂಚಿನಲ್ಲಿ 10 ಸೆಂ.ಮೀ. ಆಸುಪಾಸು. ಹಾಗಾಗಿ ಇದೇ ಅರ್ಧ ಇಂಚಿನ ಪೈಪಿಗೆ 4 ಮೀಟರ್ ಹೆಡ್ಡಿನ 6,000ದ ಪಂಪ್ ಸಿಕ್ಕಿಸಿದರೂ 1,000 ಲೀಟರ್ ಬರುವುದು ಕಷ್ಟ. ಕರೆಂಟು ಮಾತ್ರ ಪೂರ್ತಿ ಉರಿಯುತ್ತದೆ. ಈಗಿನ 60 ವ್ಯಾಟೇ ದಿನಕ್ಕೆ 1.44 ಯೂನಿಟ್, ತಿಂಗಳಿಗೆ 43 ಯೂನಿಟ್ ತಿನ್ನುತ್ತಿದೆ ಅನ್ನುವುದು ನೆನಪಿರಲಿ.

ಮಾಡಬೇಕಾದದ್ದು: ಒಂದೂಕಾಲು ಇಂಚಿನ ಪೈಪ್ ಹಾಕಿ. ಪಂಪಿನ ಬಾಯಿಗೆ ಬರುವ ಮೆಟ್ಟಿಲು ಮೆಟ್ಟಿಲಾದ ಹೋಸ್ ನಳಿಕೆ ಇರುತ್ತದಲ್ಲ, ಅದರ ತುದಿಯ ಸಣ್ಣ ಮೆಟ್ಟಿಲುಗಳನ್ನು ಹ್ಯಾಕ್ಸಾದಿಂದ ಕತ್ತರಿಸಿ ತೆಗೆಯಿರಿ. ದೊಡ್ಡ ಮೆಟ್ಟಿಲಿಗೆ ಪೈಪು ಹಾಕಿ ತುದಿಯನ್ನು ಹಾಗೇ ಬಿಟ್ಟರೆ ನೀರು ಆ ಅರ್ಧ ಇಂಚಿನ ತೂತಿನಲ್ಲೇ ನುಸುಳಬೇಕಾಗುತ್ತದೆ. ಎಷ್ಟೋ ಕಡೆ ದೊಡ್ಡ ಪೈಪು ಹಾಕಿಯೂ ಗುಣ ಕಾಣದಿರಲು ಇದೇ ಕಾರಣ. ಮೂಲೆ ತಿರುಗಿಸುವಲ್ಲಿ 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿಯವು, ಇಲ್ಲವೇ ಹೋಸನ್ನೇ ಅಗಲವಾಗಿ ಬಾಗಿಸಿ. ಪೆಟ್ಟಿಗೆಯನ್ನು 1.2 ಮೀಟರಿನಿಂದ 50 ಸೆಂ.ಮೀ.ಗೆ ಇಳಿಸಿ, ಅದಕ್ಕೆ ಖರ್ಚೇ ಇಲ್ಲ. ಬರೀ ಪೈಪ್ ಬದಲಿಸಿದರೆ 1,600ರ ಹತ್ತಿರ ಬರುತ್ತೆ, ಪೆಟ್ಟಿಗೆಯನ್ನೂ ಇಳಿಸಿದರೆ 2,000 ದಾಟುತ್ತೆ. ನಿಮ್ಮ ಕೊಳ 2,500 ಲೀಟರ್ (2.4 × 1.5 × 0.7 = 2.52 ಘನ ಮೀಟರ್). ಕೋಯಿ ಇರುವ ಕೊಳದ ನೀರು ಒಂದೆರಡು ಗಂಟೆಗೊಮ್ಮೆ ಪೂರ್ತಿ ಫಿಲ್ಟರ್ ಹಾಯ್ದರೆ ಸಾಕು. 2,000 ಧಾರಾಳ.

ಹರಿವು ಜಾಸ್ತಿ ಅನಿಸಿದರೆ ವಾಲ್ವನ್ನು ಪಂಪಿನಿಂದ ಹೊರಡುವ ಪೈಪಿಗೆ ಹಾಕಿ ತಿರುಗಿಸಿ. ಒಳಗೆ ಎಳೆಯುವ ಬಾಯಿಯನ್ನು ಮಾತ್ರ ಕಿರಿದು ಮಾಡಬೇಡಿ. ನೀರು ಸಿಗದೆ ಪಂಪು ಗುರುಗುಟ್ಟುತ್ತೆ, ಬಿಸಿಯಾಗುತ್ತೆ, ಇಂಪೆಲ್ಲರ್ (ನೀರು ತಳ್ಳುವ ಒಳಗಿನ ರೆಕ್ಕೆಚಕ್ರ) ಸವೆಯುತ್ತೆ.

ಹೂಳುಗಾರ

ಪಂಪಿನ ಮಾತು ಅವರು ಹೇಳಿದ್ದು ಸರಿ. ನನ್ನ ತಕರಾರು ಆ 60 ಲೀಟರ್ ಪೆಟ್ಟಿಗೆಯ ಮೇಲೆ.

ಫಿಲ್ಟರ್ ಎಷ್ಟು ದೊಡ್ಡದು ಬೇಕು ಅನ್ನುವುದನ್ನು ಕೊಳದ ಲೀಟರ್ ನೋಡಿ ತೀರ್ಮಾನಿಸುವವರೇ ಹೆಚ್ಚು. ಮೀನಿಗೆ ಹಾಕುವ ಕಾಳನ್ನು ನೋಡಬೇಕು. ಲೆಕ್ಕ ಸುಲಭ: ಗ್ರಾಂ ಲೆಕ್ಕದ ಆಹಾರ × ಅದರ ಪ್ರೋಟೀನ್ ಅಂಶ × 0.092 = ಅಮೋನಿಯಾ ಸಾರಜನಕ. 40 ಗ್ರಾಂ, ಪ್ರೋಟೀನ್ ಶೇ. 35 ಅಂದುಕೊಂಡರೆ 40 × 0.35 × 0.092 = 1.29 ಗ್ರಾಂ. 2,500 ಲೀಟರಿಗೆ ಹಂಚಿದರೆ ಲೀಟರಿಗೆ 0.5 ಮಿಲಿಗ್ರಾಂ. ದಿನವೂ ಇಷ್ಟು ಸೇರುತ್ತಲೇ ಇರುತ್ತದೆ. ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡಿ, ಅಲ್ಲಿಂದ ನೈಟ್ರೇಟ್ ಮಾಡದಿದ್ದರೆ ನಾಲ್ಕು ದಿನಕ್ಕೆ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ).

ಸಿಮೆಂಟ್ ಕೊಳ ಅಂದಿರಿ, ಪಿಎಚ್ ಎಷ್ಟಿದೆ ಬರೆದಿಲ್ಲ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪ ಶೇ. 0.6 ಮಾತ್ರ. 8ಕ್ಕೆ ಏರಿದರೆ ಶೇ. 5, 9ಕ್ಕೆ ಶೇ. 36. ಹೊಸ ಸಿಮೆಂಟ್ ಸುಣ್ಣ ಬಿಡುತ್ತಲೇ ಇರುತ್ತದೆ, ಹಸಿರು ನೀರಿನ ಪಾಚಿ ಬಿಸಿಲಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಪಿಎಚ್ಚನ್ನು ಇನ್ನೂ ಮೇಲೆತ್ತುತ್ತದೆ. ಬೆಳಗ್ಗೆ ಅಳೆದು "ಸರಿಯಿದೆ" ಅಂದುಕೊಳ್ಳಬೇಡಿ, ಮಧ್ಯಾಹ್ನ 3 ಗಂಟೆಗೆ ಅಳೆಯಿರಿ.

ಪೆಟ್ಟಿಗೆಗೆ ಬರೋಣ. ಫಿಲ್ಟರಿನ ಗಾತ್ರ ಕೊಳದ ಹತ್ತನೇ ಒಂದು ಭಾಗ ಇರಲಿ ಅನ್ನುವುದು ಕೋಯಿಯವರ ರೂಢಿ ಲೆಕ್ಕ. ಅಂದರೆ 250 ಲೀಟರ್. 200 ಲೀಟರ್ ಡ್ರಮ್ಮು ಒಂದು, ಅದರ ಪಕ್ಕ ನಿಮ್ಮ ಈಗಿನ ಪೆಟ್ಟಿಗೆ. ಡ್ರಮ್ಮಿನಲ್ಲಿ ಏನನ್ನೂ ತುಂಬಬೇಡಿ, ಅದು ಹೂಳು ಕೂರುವ ಜಾಗ. ನೀರು ಬದಿಯಿಂದ ಗೋಡೆಗೆ ಒರಗಿ ಒಳಬರಬೇಕು, ಆಗ ನಿಧಾನ ಸುತ್ತುತ್ತದೆ, ಹಿಕ್ಕೆ ನಡುವೆ ತಳಕ್ಕೆ ಇಳಿಯುತ್ತದೆ. ಮೇಲಿನ ಅಂಚಿನಲ್ಲಿ ಹೊರದಾರಿ. ತಳದಲ್ಲಿ 2 ಇಂಚಿನ ಬಾಲ್ ವಾಲ್ವ್. ಗಂಟೆಗೆ 2,000 ಲೀಟರ್ ಬಂದರೆ ನೀರು ಡ್ರಮ್ಮಿನಲ್ಲಿ 6 ನಿಮಿಷ ನಿಲ್ಲುತ್ತದೆ, ದಪ್ಪ ಕಸ ಕೂರಲು ಅಷ್ಟು ಸಾಕು. ಎರಡು ದಿನಕ್ಕೊಮ್ಮೆ ವಾಲ್ವ್ ತೆರೆದು ಒಂದು ಬಕೆಟ್ ಕಪ್ಪು ನೀರು ಬಿಟ್ಟರೆ ಮುಂದಿನ ಸ್ಪಾಂಜಿನ ಅರ್ಧ ಕೆಲಸ ಮುಗಿದಂತೆ.

ಜಲ್ಲಿ ತೆಗೆದುಹಾಕಿ. ಭಾರ ಜಾಸ್ತಿ, ತೆರಪು ಕಡಿಮೆ. ಆರು ತಿಂಗಳಲ್ಲಿ ನಡುವೆ ಹೂಳು ಕಟ್ಟಿ ನೀರು ಒಂದೇ ಸೀಳಿನಲ್ಲಿ ಹರಿದುಹೋಗುತ್ತದೆ, ಉಳಿದದ್ದು ಗಾಳಿ ಸಿಗದೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಅದರ ಜಾಗಕ್ಕೆ ಬ್ಯಾಕ್ಟೀರಿಯಾ ನೆಲೆಸಲು ಒರಟು ಜಪಾನಿ ಮ್ಯಾಟ್ ಅಥವಾ ಬಯೋ ಬಾಲ್ (ತೂತುತೂತಿನ ಪ್ಲಾಸ್ಟಿಕ್ ಚೆಂಡು). ಏನೂ ಸಿಗದಿದ್ದರೆ ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಜಾಲರಿ ಉಂಡೆಗಳೂ ಆಗುತ್ತವೆ; ಸೋಪು ಸೇರಿಸಿದವು ಬೇಡ, ಸ್ಟೀಲಿನವಂತೂ ಬೇಡವೇ ಬೇಡ. ಇದ್ದಿಲು ಕೊಳಕ್ಕೆ ದಂಡ. ಮೂರ್ನಾಲ್ಕು ವಾರದಲ್ಲಿ ಅದರ ಹೀರುವ ಶಕ್ತಿ ಮುಗಿಯುತ್ತದೆ, ಆಮೇಲೆ ಅದೂ ಒಂದು ಜಲ್ಲಿಯೇ. ಔಷಧಿ ಹಾಕಿದ ನಂತರ ನೀರಿನಿಂದ ಅದನ್ನು ತೆಗೆಯಲು ಮಾತ್ರ ಬಳಸಿ.

ಇನ್ನೊಂದು, ಕೇಳಿಸಿಕೊಳ್ಳಲು ಕಹಿ. ಬೆಳೆದ ಕೋಯಿ 60 ಸೆಂ.ಮೀ. ದಾಟುತ್ತದೆ, ಒಂದೊಂದಕ್ಕೆ ಸಾವಿರ ಲೀಟರ್ ಲೆಕ್ಕ ಹಿಡಿಯುತ್ತಾರೆ. ಎಂಟನ್ನು 2,500 ಲೀಟರಿನಲ್ಲಿ ಯಾವ ಫಿಲ್ಟರ್ ಹಾಕಿದರೂ ಬಹಳ ಕಾಲ ಸಾಕಲಾಗದು. ಈಗಿನಿಂದಲೇ ಬೇರೆ ಜಾಗ ನೋಡಿಡಿ.

ಪಾಚಿಪುರಾಣ

ಹಸಿರು ನೀರಿನ ಬಗ್ಗೆ ಯಾರೂ ಮಾತಾಡಲಿಲ್ಲ. ಮೇಲಿನದ್ದನ್ನೆಲ್ಲ ಮಾಡಿದ ಮೇಲೂ ನೀರು ಹಸಿರಾಗೇ ಇರಬಹುದು, ಆಗ ಫಿಲ್ಟರನ್ನು ಬೈಬೇಡಿ. ತೇಲುವ ಪಾಚಿಯ ಕಣ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಸ್ಪಾಂಜಿನ ಕಣ್ಣು ಅದಕ್ಕೆ ಹೆಬ್ಬಾಗಿಲು.

ಯುವಿ ದೀಪ ಬೇಕು. ನಿಮ್ಮ ಅಳತೆಗೆ 11ರಿಂದ 18 ವ್ಯಾಟ್, ಬಿಸಿಲು ಪೂರ್ತಿ ಬೀಳುತ್ತಿದ್ದರೆ 18. ಹೂಳು ತೆಗೆದ ನೀರು ಯುವಿಗೆ ಹೋಗಬೇಕು. ಕೊಚ್ಚೆ ನೀರಲ್ಲಿ ಕಿರಣ ಒಳಗೆ ಇಳಿಯೋದೇ ಇಲ್ಲ. ದೀಪದ ಮೇಲೆ ಬರೆದಿರೋ ಗರಿಷ್ಠ ಹರಿವನ್ನ ಮೀರಬೇಡಿ, ನೀರು ಬೇಗ ಓಡಿದರೆ ಪಾಚಿಗೆ ಏಟು ಸಾಲಲ್ಲ. ಒಂದು ವಾರದೊಳಗೆ ತಳ ಕಾಣಬೇಕು.

ಆ ವಾರ ಜಾಗ್ರತೆ. ಸತ್ತ ಪಾಚಿಯೆಲ್ಲ ಗಂಟುಕಟ್ಟಿ ಸ್ಪಾಂಜಿಗೆ ಬರುತ್ತೆ, ದಿನಾ ತೊಳೀಬೇಕಾದೀತು. ಅಮೋನಿಯಾನೂ ಏರುತ್ತೆ, ಅದನ್ನ ತಿನ್ನುತ್ತಿದ್ದ ಪಾಚಿ ಹೋಯ್ತಲ್ಲ. ಕಾಳು ಅರ್ಧಕ್ಕೆ ಇಳಿಸಿ.

ವರ್ಷಕ್ಕೊಮ್ಮೆ, ಸುಮಾರು 9,000 ಗಂಟೆಗೆ, ಬಲ್ಬ್ ಬದಲಿಸಿ. ನೀಲಿ ಬೆಳಕು ಕಾಣ್ತಿದೆ ಅಂತ ಬಿಡಬೇಡಿ, ಪಾಚಿ ಕೊಲ್ಲುವ 254 ನ್ಯಾನೋಮೀಟರ್ ಕಿರಣ ಕಣ್ಣಿಗೆ ಕಾಣುವಂಥದ್ದಲ್ಲ. ಉರಿಯೋ ದೀಪ ಬಿಚ್ಚಿ ನೋಡೋದಂತೂ ಬೇಡ, ಕಣ್ಣು ಸುಡುತ್ತೆ. ಗೋಡೆಗೆ ಅಂಟಿದ ದಾರದಂಥ ಪಾಚಿಗೆ ಯುವಿ ಏನೂ ಮಾಡಲ್ಲ, ಅದು ದೀಪದ ಹತ್ತಿರ ಬರೋದೇ ಇಲ್ಲವಲ್ಲ.

ಕೊಳದಂಚು

ಎಲ್ಲರಿಗೂ ಧನ್ಯವಾದ. ಒಂದೂಕಾಲು ಇಂಚಿನ ಪೈಪು ಹಾಕಿ, ಪೆಟ್ಟಿಗೆಯನ್ನು 50 ಸೆಂ.ಮೀ.ಗೆ ಇಳಿಸಿದೆ. ನಳಿಕೆಯ ತುದಿಯನ್ನೂ ಕತ್ತರಿಸಿದೆ. ಬಕೆಟ್ ಈಗ 17 ಸೆಕೆಂಡಿಗೆ ತುಂಬುತ್ತೆ! ಆದರೆ ಹೊಸ ತೊಂದರೆ: ಮೊದಲ ಖಾನೆ ಉಕ್ಕಿ ಹೊರಗೆ ಚೆಲ್ಲುತ್ತಿದೆ. ಸ್ಪಾಂಜು ಇವತ್ತೇ ತೊಳೆದಿದ್ದು. ಖಾನೆಯಿಂದ ಖಾನೆಗೆ 25 ಮಿ.ಮೀ. ತೂತು ಇದೆ.

ಇಂಪೆಲ್ಲರ್

17 ಸೆಕೆಂಡ್ ಅಂದರೆ ಗಂಟೆಗೆ 2,100 ಚಿಲ್ಲರೆ. ಪಂಪಿಗೆ ದೂರಲು ಇನ್ನೇನೂ ಉಳಿದಿಲ್ಲ.

ಪಂಪು ನೀರನ್ನು ತಳ್ಳುತ್ತದೆ, ಆದರೆ ಖಾನೆಯಿಂದ ಖಾನೆಗೆ ತಳ್ಳುವುದು ಬರೀ ಮಟ್ಟದ ವ್ಯತ್ಯಾಸ. 25 ಮಿ.ಮೀ. ತೂತಿನಲ್ಲಿ 2,100 ಲೀಟರ್ ಹೋಗಬೇಕಾದರೆ ಹಿಂದಿನ ಖಾನೆಯ ನೀರು ಮುಂದಿನದಕ್ಕಿಂತ 20 ಸೆಂ.ಮೀ. ಮೇಲೆ ನಿಲ್ಲಬೇಕು. 60 ಲೀಟರ್ ಪೆಟ್ಟಿಗೆಯಲ್ಲಿ ಅಷ್ಟು ಅಂಚು ಎಲ್ಲಿಂದ ಬರಬೇಕು, ಉಕ್ಕದೆ ಇನ್ನೇನು ಮಾಡೀತು? ತೂತನ್ನು 40 ಮಿ.ಮೀ. ಮಾಡಿದರೆ 3 ಸೆಂ.ಮೀ. ಸಾಕು, 50 ಮಾಡಿದರೆ ಒಂದು ಸೆಂ.ಮೀ. ಚಿಲ್ಲರೆ. 50 ಮಾಡಿ. ಕೊಳಕ್ಕೆ ಮರಳುವ ಪೈಪೂ 50 ಮಿ.ಮೀ.ಗಿಂತ ಕಡಿಮೆ ಬೇಡ, ಇಳಿಜಾರು ಇರಲಿ.

ಹೂಳುಗಾರ

ತೂತು ದೊಡ್ಡದು ಮಾಡುವಾಗಲೇ ಒಂದು ಕೋಡಿಯನ್ನೂ ಇಟ್ಟುಬಿಡಿ. ಕೆರೆಗೆ ಇರುತ್ತಲ್ಲ, ಹಾಗೆಯೇ. ಮೊದಲ ಖಾನೆಯ ಬಾಯಿಂದ 4 ಸೆಂ.ಮೀ. ಕೆಳಗೆ ಒಂದು 50 ಮಿ.ಮೀ. ಪೈಪ್, ಅದು ನೇರ ಕೊಳಕ್ಕೆ. ಸ್ಪಾಂಜು ಕಟ್ಟಿಕೊಂಡ ದಿನ ನೀರು ಅಲ್ಲಿಂದ ಕೊಳಕ್ಕೇ ವಾಪಸು ಬೀಳಬೇಕು, ನೆಲಕ್ಕಲ್ಲ. ಆ ಪೈಪಿನಲ್ಲಿ ನೀರು ಕಂಡರೆ ಸ್ಪಾಂಜು ತೊಳೆಯುವ ದಿನ ಬಂತು ಅಂತಲೂ ತಿಳಿಯುತ್ತದೆ.

ಕೋಡಿ ಇಲ್ಲದ ಪೆಟ್ಟಿಗೆ ರಾತ್ರಿ ಉಕ್ಕಿದರೆ ಪಂಪು ಬೆಳಗಿನವರೆಗೆ ಕೊಳವನ್ನು ನೆಲಕ್ಕೆ ಸುರಿಯುತ್ತದೆ. ಗಂಟೆಗೆ 2,100 ಅಂದರೆ ನಿಮ್ಮ 2,500 ಲೀಟರ್ ಮುಗಿಯಲು ಎಷ್ಟು ಹೊತ್ತು ಬೇಕು ಲೆಕ್ಕ ಹಾಕಿಕೊಳ್ಳಿ. ಪೈಪು ಕಳಚಿಕೊಂಡರೂ ಅದೇ ಕಥೆ. ಅದಕ್ಕೇ ಪಂಪನ್ನು ತಳಕ್ಕಿಡದೆ ಇಟ್ಟಿಗೆಯ ಮೇಲೆ 20 ಸೆಂ.ಮೀ. ಎತ್ತರದಲ್ಲಿಡಿ, ಕೊನೆಯ 20 ಸೆಂ.ಮೀ. ನೀರು ಮೀನಿಗೆ ಉಳಿಯುತ್ತದೆ. ಒಣಗಿ ಓಡಿದ ಪಂಪು ಸುಡುತ್ತದೆ ನಿಜ, ಆದರೆ ಮೀನು ಬದುಕಿರುತ್ತದೆ. ತಳದ ಹೂಳಿಗೆ ವಾರಕ್ಕೊಮ್ಮೆ ಬೇರೆ ಹೋಸ್ ಹಾಕಿ ಎಳೆದರಾಯಿತು.

ಗಾಜಿನಮನೆ

ಒಳಗಿನ ಟ್ಯಾಂಕ್ ಬಗ್ಗೆ. 120 × 45 × 45 ಅಂದರೆ ಕಟ್ಟಂಚಿಗೆ 243 ಲೀಟರ್. ಮೇಲೆ ಬಿಟ್ಟ ಜಾಗ, ಕಲ್ಲು ಕಳೆದರೆ ನೀರು 200 ಅಂತಿಟ್ಟುಕೊಳ್ಳಿ. ಆರು ಒರಾಂಡಾಗೆ ದಿನಕ್ಕೆ 5 ಗ್ರಾಂ ಕಾಳು, ಶೇ. 40 ಪ್ರೋಟೀನ್ ಅಂದರೆ ಮೇಲಿನ ಸೂತ್ರದಲ್ಲೇ ಲೀಟರಿಗೆ 0.9 ಮಿಲಿಗ್ರಾಂ. ನಿಮ್ಮ ಕೊಳಕ್ಕಿಂತ ಈ ಟ್ಯಾಂಕಿನ ಹೊರೆಯೇ ಹೆಚ್ಚು, ನೋಡಿ.

ನನ್ನ ಆಯ್ಕೆ ಟಾಪ್ ಫಿಲ್ಟರ್, ಜತೆಗೆ ಒಂದು ದೊಡ್ಡ ಸ್ಪಾಂಜ್ ಫಿಲ್ಟರ್. ಗೋಲ್ಡ್‌ಫಿಶ್ ಹಿಕ್ಕೆ ಜಾಸ್ತಿ, ಫಿಲ್ಟರಿನ ಮೊದಲ ಪದರವನ್ನು ವಾರಕ್ಕೊಮ್ಮೆ ತೊಳೆಯಲೇಬೇಕು. ಟಾಪ್ ಫಿಲ್ಟರಿನ ಮುಚ್ಚಳ ಎತ್ತಿದರೆ ಎರಡು ನಿಮಿಷದ ಕೆಲಸ. ಕ್ಯಾನಿಸ್ಟರ್ ಅಂದರೆ ಪೈಪು ಮುಚ್ಚಿ, ಬಕೆಟ್ ಹಿಡಿದು, ಕ್ಲಿಪ್ಪು ಬಿಚ್ಚಿ, ವಾಶರ್ ಸರಿ ಕೂರಿಸಿ... ಎರಡು ತಿಂಗಳು ಮುಂದೂಡುತ್ತೀರಿ. ಒಳಗೆ ಸೇರಿದ ಹಿಕ್ಕೆ ನೀರಿನಿಂದ ಹೊರಗೆ ಹೋದಂತಲ್ಲ, ಕಣ್ಣಿಗೆ ಮರೆಯಾಯಿತು ಅಷ್ಟೆ. ಅದು ಅಲ್ಲೇ ಕರಗಿ ಅಮೋನಿಯಾ ಆಗುತ್ತಿರುತ್ತದೆ.

ಡಬ್ಬದ ಮೇಲೆ ಗಂಟೆಗೆ 1,200ರಿಂದ 1,600 ಲೀಟರ್ ಇರುವ ಪಂಪ್ ತಗೊಳ್ಳಿ. ಮೀಡಿಯಾ (ಒಳಗಿಡುವ ಸ್ಪಾಂಜು, ರಿಂಗು) ತುಂಬಿ, ಒಂದಿಷ್ಟು ಕಸ ಹಿಡಿದ ಮೇಲೆ ಅದು ಮೂರನೇ ಎರಡು ಭಾಗಕ್ಕೋ ಅರ್ಧಕ್ಕೋ ಇಳಿಯುತ್ತದೆ, ಆಗಲೂ ಗಂಟೆಗೆ ನಾಲ್ಕು ಸುತ್ತು ಸಿಗುತ್ತದೆ. ಒರಾಂಡಾ ದುಂಡು ಮೈಯ ಮೀನು, ಹರಿವಿನೆದುರು ಈಜಲಾಗದು. ನೀರು ಒಂದೇ ಬಾಯಲ್ಲಿ ಬೀಳದಂತೆ ತೂತಿನ ಕೊಳವೆ ಹಾಕಿ, ತೂತುಗಳನ್ನು ಗಾಜಿನ ಕಡೆಗೆ ತಿರುಗಿಸಿ. ಪದರದ ಕ್ರಮ: ನೀರು ಮೊದಲು ತಾಗುವುದು ಒರಟು ಸ್ಪಾಂಜು (20ರಿಂದ 30 ಪಿಪಿಐ, ಅಂದರೆ ಇಂಚಿಗೆ ಅಷ್ಟು ಕಣ್ಣು), ಆಮೇಲೆ ನಯವಾದದ್ದು, ಆಮೇಲೆ ಸೆರಾಮಿಕ್ ರಿಂಗು. ಬಿಳಿ ಹತ್ತಿಯಂಥ ಫ್ಲಾಸ್ ಬೇಕಿದ್ದರೆ ಕೊನೆಗೆ. ಫ್ಲಾಸನ್ನು ಮೊದಲಿಗೇ ಹಾಕಿ ಎರಡು ದಿನಕ್ಕೆ ಕಟ್ಟಿಕೊಂಡಿತು ಅನ್ನುವವರು ಬಹಳ.

ಸ್ಪಾಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ನೀರು ಬದಲಿಸುವಾಗ ತೆಗೆದ ಟ್ಯಾಂಕಿನ ನೀರನ್ನೇ ಬಕೆಟ್ಟಿನಲ್ಲಿಟ್ಟು ಅದರಲ್ಲಿ ನಾಲ್ಕೈದು ಸಲ ಹಿಂಡಿ. ಬಿಳಿಯಾಗುವವರೆಗೆ ಅಲ್ಲ, ನೀರು ಸರಾಗ ಹರಿಯುವಷ್ಟು. ಎರಡು ಫಿಲ್ಟರನ್ನೂ ಒಂದೇ ದಿನ ತೊಳೆಯಬೇಡಿ, ವಾರ ಬಿಟ್ಟು ವಾರ.

ಹೊಸ ಫಿಲ್ಟರ್ ಹಣ್ಣಾಗಲು, ಅಂದರೆ ಅದರಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು, 4ರಿಂದ 6 ವಾರ ಬೇಕು. ಈಗ ಓಡುತ್ತಿರುವ ಹಳೆಯ ಸ್ಪಾಂಜಿದ್ದರೆ ಅದನ್ನು ಹೊಸದರೊಳಗೆ ತುರುಕಿ, ಕಾಯುವ ದಿನ ಬಹಳ ಕಡಿಮೆಯಾಗುತ್ತದೆ.

ನೀರ್ಗುಳ್ಳೆ

ಕ್ಯಾನಿಸ್ಟರ್ ಬಗ್ಗೆ ಅಷ್ಟು ಕಟುವಾಗಬೇಕಿಲ್ಲ ಸರ್. ಹೀರುವ ಬಾಯಿಗೆ ಒರಟು ಸ್ಪಾಂಜಿನ ತೋಳು ಹಾಕಿದರೆ ಹಿಕ್ಕೆ ಅಲ್ಲೇ ನಿಲ್ಲುತ್ತದೆ, ವಾರಕ್ಕೊಮ್ಮೆ ಅದನ್ನಷ್ಟೇ ಹಿಂಡಿದರೆ ಸಾಕು. ಸದ್ದಿಲ್ಲ, ಟ್ಯಾಂಕಿನ ಮೇಲೆ ಲೈಟಿಗೆ ಜಾಗ ಉಳಿಯುತ್ತದೆ, ಗಿಡ ಬೆಳೆಸುವವರಿಗೆ ಅದೇ ಸರಿ.

ಅದರ ನಿಜವಾದ ದೋಷ ಕರೆಂಟ್ ಹೋದಾಗ. ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಕೆಲವೇ ಗಂಟೆಯಲ್ಲಿ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಕರೆಂಟ್ ಬಂದ ತಕ್ಷಣ ಆ ಕೊಳೆತ ನೀರು ನೇರ ಟ್ಯಾಂಕಿಗೆ ಹೋಗುತ್ತದೆ. ದೀರ್ಘ ಹೊತ್ತು ನಿಂತಿದ್ದರೆ ಸ್ವಿಚ್ ಆಫ್ ಮಾಡಿ, ಡಬ್ಬಿಯ ನೀರು ಚೆಲ್ಲಿ, ಮೀಡಿಯಾವನ್ನು ಟ್ಯಾಂಕಿನ ನೀರಲ್ಲಿ ಜಾಲಾಡಿಸಿ ಆಮೇಲೆ ಓಡಿಸಿ. ಇನ್ವರ್ಟರ್ ಇದ್ದರೆ ಅದಕ್ಕೆ ಮೊದಲು ಕೊಡಬೇಕಾದ್ದು ಏರ್ ಪಂಪು. ಐದು ವ್ಯಾಟಿನೊಳಗೆ ಮೀನಿನ ಉಸಿರೂ ಸ್ಪಾಂಜ್ ಫಿಲ್ಟರೂ ಎರಡೂ ನಡೆಯುತ್ತವೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಆಗದಿದ್ದರೆ ನಳಿಗೆ ಚೆಕ್ ವಾಲ್ವ್. ಇಲ್ಲದಿದ್ದರೆ ನಿಂತಾಗ ನೀರು ಹಿಮ್ಮುಖ ಹರಿದು ಪಂಪಿನೊಳಗೆ ಇಳಿಯುತ್ತದೆ.

ಕೊಳದಂಚು

ಟಾಪ್ ಫಿಲ್ಟರ್ ಮತ್ತು ಸ್ಪಾಂಜಿಗೇ ಹೋಗ್ತೀನಿ. ಕೊನೆಯ ಎರಡು ಪ್ರಶ್ನೆ. ಕರೆಂಟ್ ಉಳಿಸೋಕೆ ಕೊಳದ ಪಂಪನ್ನು ರಾತ್ರಿ ಆಫ್ ಮಾಡಬಹುದಾ? ಇನ್ನೊಂದು, ಮನೇಲಿ ಒಂದು ಹಳೆಯ ಕೊಳಚೆ ನೀರೆತ್ತುವ ಸಬ್‌ಮರ್ಸಿಬಲ್ ಬಿದ್ದಿದೆ, ಅದನ್ನು ಸ್ಪೇರ್ ಆಗಿ ಇಟ್ಟುಕೊಳ್ಳಬಹುದಾ?

ಇಂಪೆಲ್ಲರ್

ಎರಡಕ್ಕೂ ಬೇಡ.

ರಾತ್ರಿಯೇ ಪಂಪು ಹೆಚ್ಚು ಬೇಕಾಗುವ ಹೊತ್ತು. ಹಗಲು ಆಮ್ಲಜನಕ ಕೊಡುವ ಪಾಚಿ ಮತ್ತು ಗಿಡಗಳು ಕತ್ತಲಾದ ಮೇಲೆ ಅದನ್ನೇ ಹೀರುತ್ತವೆ. 25 ಡಿಗ್ರಿ ನೀರು ಲೀಟರಿಗೆ ಹೆಚ್ಚೆಂದರೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ 7.5. ಫಿಲ್ಟರಿನ ಬ್ಯಾಕ್ಟೀರಿಯಾಗೂ ಪಾಲು ಬೇಕು: ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು 4.57 ಗ್ರಾಂ ಆಮ್ಲಜನಕ. ಬೆಳಗಿನ ಜಾವ ಕೋಯಿಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಇದೇ ಕಾರಣ. ಕರೆಂಟ್ ಉಳಿಸಬೇಕಿದ್ದರೆ ಕಡಿಮೆ ಹೆಡ್ಡಿನ, ಕಡಿಮೆ ವ್ಯಾಟಿನ ಪಂಪ್ ಹುಡುಕಿ. ನಿಮ್ಮ ಪೆಟ್ಟಿಗೆ ಈಗ 50 ಸೆಂ.ಮೀ.ಗೆ ಇಳಿದಿರುವುದರಿಂದ ಮುಂದಿನ ಸಲ ಅದು ಸಾಧ್ಯ.

ಕೊಳಚೆ ಪಂಪುಗಳಲ್ಲಿ ಹಲವಕ್ಕೆ ಮೋಟಾರು ಅಥವಾ ಸೀಲ್ ಖಾನೆಯಲ್ಲಿ ಎಣ್ಣೆ ಇರುತ್ತದೆ. ಸೀಲ್ ಹೋದ ದಿನ ಎಣ್ಣೆ ಕೊಳಕ್ಕೆ. ಕೊಳದ ಪಂಪುಗಳಲ್ಲಿ ಮೋಟಾರನ್ನು ರಾಳದಲ್ಲಿ ಮುಚ್ಚಿ, ಅಯಸ್ಕಾಂತದ ಇಂಪೆಲ್ಲರನ್ನು ನೀರಲ್ಲೇ ತಿರುಗಲು ಬಿಟ್ಟಿರುತ್ತಾರೆ, ಎಣ್ಣೆ ಬೇಕಾಗುವುದೇ ಇಲ್ಲ.

ಸ್ಪೇರ್ ಬೇಕೆಂದರೆ ನಿಮ್ಮದೇ ಮಾಡೆಲಿನ ಇಂಪೆಲ್ಲರ್ ಮತ್ತು ಸೆರಾಮಿಕ್ ದಂಡ ತಂದಿಡಿ, ಮೊದಲು ಹೋಗುವುದು ಅವೇ. ಪಂಪು ಆನ್ ಆದಾಗ ಗುಂಯ್ ಅಂದು ನೀರು ಬರದಿದ್ದರೆ ಸುಟ್ಟಿತು ಅಂತ ಎಸೆಯಬೇಡಿ. ಪ್ಲಗ್ ಕಿತ್ತು, ಮುಂದಿನ ಮುಚ್ಚಳ ತಿರುಗಿಸಿ ತೆಗೆದು, ಇಂಪೆಲ್ಲರನ್ನು ನೇರವಾಗಿ ಹೊರಗೆಳೆಯಿರಿ. ಓರೆ ಎಳೆದರೆ ಸೆರಾಮಿಕ್ ದಂಡ ಪಟ್ಟನೆ ಮುರಿಯುತ್ತದೆ. ಅಯಸ್ಕಾಂತದ ಮೇಲೆ ಬಿಳಿ ಸುಣ್ಣದ ಪದರ ಕಂಡರೆ ಅರ್ಧ ವಿನಿಗರ್, ಅರ್ಧ ನೀರಿನಲ್ಲಿ ಒಂದು ಗಂಟೆ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಗೂಡಿನ ಒಳಗನ್ನೂ ಉಜ್ಜಿ, ಚೆನ್ನಾಗಿ ತೊಳೆದು ಜೋಡಿಸಿ. ಗಡಸು ನೀರಿಗೆ ಮೂರು ತಿಂಗಳಿಗೊಮ್ಮೆ ಇದು ಬೇಕಾದೀತು.

ವಯರಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ: ಕೊಳದ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ವಯರು ಸಾಕೆಟ್ಟಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಲಿ, ಆಗ ವಯರಿನ ಮೇಲೆ ಇಳಿಯುವ ಹನಿ ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ತಲುಪುವುದಿಲ್ಲ. ಟೇಪ್ ಸುತ್ತಿದ ಜಾಯಿಂಟ್ ನೀರೊಳಗೆ ಇದ್ದರೆ ಇವತ್ತೇ ತೆಗೆಸಿ. ನೀರಿಗೆ ಕೈ ಹಾಕುವ ಮುಂಚೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಿ.